ತಳದ ಕಥೆ ಮೇಲಿನ ನೀರಲ್ಲಿದೆ: ಕಾರವಾರದ ದಡದಲ್ಲಿ ನಿಂತು ಧ್ರುವದ ಕಡಲನ್ನು ಅರಿಯುವ ಬಗೆ

ಕಾಳಿ ನದಿ ಸಮುದ್ರ ಸೇರುವ ಕಡೆ, ಇಳಿತದ ಹೊತ್ತಿಗೆ ಹೆಂಗಸರು ಬಳಚು ಹೆಕ್ಕುತ್ತಿರುತ್ತಾರೆ. ಸೊಂಟದವರೆಗೆ ನೀರು. ಕಾಲಬೆರಳಲ್ಲೇ ಕೆಸರು ತಡಕಿ, ಬಗ್ಗಿ, ಚಿಪ್ಪು ಎತ್ತಿ ಬುಟ್ಟಿಗೆ ಹಾಕುತ್ತಾರೆ. ಒಮ್ಮೆ ಅವರಲ್ಲೊಬ್ಬ ಅಜ್ಜಿಯನ್ನು, "ಈ ಸಲ ಬಳಚು ಹೇಗಿದೆ ಅಜ್ಜಿ?" ಅಂತ ಕೇಳಿದೆ. ಅವರು ಕೆಳಗೆ ನೋಡಲೇ ಇಲ್ಲ. ನದಿಯ ಕಡೆ ಕೈ ತೋರಿಸಿ, "ಮಳೆ ಜಾಸ್ತಿ ಆಯ್ತು ತಮಾ. ಮೇಲೆ ಸಿಹಿನೀರು ಕೂತ್ರೆ ಕೆಳಗಿಂದು ಬದುಕ್ತದಾ?" ಅಂದರು.

ಧ್ರುವದ ಕಡಲನ್ನು ಓದುವವರು ದೊಡ್ಡ ದೊಡ್ಡ ಹಡಗು ಕಟ್ಟಿಕೊಂಡು ಹೋಗಿ ಕಂಡುಕೊಂಡದ್ದೂ ಹೆಚ್ಚುಕಮ್ಮಿ ಇದನ್ನೇ. ಆಳದ ತಳದಲ್ಲಿ ಬೆಳಕಿಲ್ಲ, ಹಾಗಾಗಿ ಬೆಳೆಯೂ ಇಲ್ಲ. ಮೇಲಿನ ನೀರಲ್ಲಿ ಪಾಚಿ ಬೆಳೆಯಬೇಕು. ಅದು ಸತ್ತೋ, ಯಾರದೋ ಹೊಟ್ಟೆ ಹೊಕ್ಕು ಹಿಕ್ಕೆಯಾಗಿಯೋ ಕೆಳಗೆ ಬೀಳಬೇಕು. ಬಿದ್ದರೆ ಊಟ, ಇಲ್ಲದಿದ್ದರೆ ಉಪವಾಸ. ಮೇಲೆ ಮಂಜುಗಡ್ಡೆ ಎಷ್ಟು ದಿನ ಇತ್ತು, ಬಿಸಿಲು ಯಾವಾಗ ಬಂತು, ನೀರು ಪದರ ಕಟ್ಟಿತೋ ಕಲಕಿತೋ ಅನ್ನುವುದು ಗೊತ್ತಾದರೆ, ಕೆಳಗೆ ಯಾರು ವಾಸವಾಗಿದ್ದಾರೆ ಅಂತ ಎಷ್ಟೋ ಮಟ್ಟಿಗೆ ಊಹಿಸಬಹುದು.

ಕಾರವಾರದಿಂದ ಧ್ರುವಕ್ಕೆ ಹೋಗುವುದು ನಮ್ಮ ಕೈಲಾಗದ ಮಾತು. ಆದರೆ ಅದನ್ನು ಅಧ್ಯಯನ ಮಾಡುವ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರ ಇರುವುದು ಪಕ್ಕದ ಗೋವಾದ ವಾಸ್ಕೋದಲ್ಲೇ. ಮೇಲಿನ ನೀರಿಗೂ ತಳಕ್ಕೂ ಇರುವ ನಂಟನ್ನು ನಮ್ಮ ದಡದಲ್ಲೇ ಕಣ್ಣಾರೆ ನೋಡಬಹುದು. ಡಿಗ್ರಿ ಓದುವ ಮಕ್ಕಳು, ಹೈಸ್ಕೂಲ್ ಮೇಷ್ಟ್ರು, ಸುಮ್ನೆ ಕುತೂಹಲ ಇರುವವರು ಯಾರಾದರೂ ಮಾಡಬಹುದಾದ ಕೆಲಸ ಇದು. ಒಂದು ವರ್ಷ ತಾಳ್ಮೆ ಬೇಕು, ಅಷ್ಟೇ.

ಮೊದಲು ಸಾಮಾನು ಹೊಂದಿಸಿಕೊಳ್ಳಿ

ಒಂದು ಬಿಳಿ ತಟ್ಟೆ. ಸ್ಟೀಲ್ ಬೇಡ, ಬಿಸಿಲಿಗೆ ಹೊಳೆದು ಕಣ್ಣು ಕೋರೈಸುತ್ತದೆ. ಹಳೇ ಪ್ಲಾಸ್ಟಿಕ್ ಊಟದ ತಟ್ಟೆಯಾದರೆ ಒಳ್ಳೆಯದು. ನಡುವೆ ತೂತು ಕೊರೆದು ಹಗ್ಗ ಪೋಣಿಸಿ. ಅಡಿಗೆ ಭಾರಕ್ಕೆ ಬಲೆಯ ಸೀಸದ ಗುಂಡು ಕಟ್ಟಿ. ಬೈತಖೋಲ್ ಬಂದರಿನ ಹತ್ತಿರ ಬಲೆ ನೇಯುವವರನ್ನು ಕೇಳಿದರೆ ನಾಲ್ಕು ಕೊಟ್ಟಾರು. ಹಗ್ಗಕ್ಕೆ 25 ಸೆಂಟಿಮೀಟರಿಗೊಂದು ಗಂಟು ಹಾಕಿ. ಇದರ ಜೊತೆ ಒಂದಡಿ ಉದ್ದದ ಪಾರದರ್ಶಕ ಪೈಪು (ಸಿಗದಿದ್ದರೆ ತಳ ಕತ್ತರಿಸಿದ ನೀರಿನ ಬಾಟಲಿ), ಹಿಟ್ಟಿನ ಜರಡಿ, ಎರಡು ಬಕೆಟ್, ನೋಟ್‌ಬುಕ್, ಪೆನ್ಸಿಲ್. ಪೆನ್ ಬೇಡ. ಒಮ್ಮೆ ನೀರು ಸಿಡಿದರೆ ಇಡೀ ತಿಂಗಳ ಲೆಕ್ಕ ಮಸಿಯಾಗುತ್ತದೆ.

ಹಾಂ, ಮನೆಯಲ್ಲಿ ಕೇಳಿಯೇ ಜರಡಿ ತೆಗೆದುಕೊಳ್ಳಿ. ನಾನು ಕೇಳದೆ ಒಯ್ದು, ಕೊನೆಗೆ ಎರಡು ಹೊಸ ಜರಡಿ ಕೊಡಿಸಬೇಕಾಯಿತು.

ಎರಡು ಜಾಗ ಆರಿಸಿ

ಇದು ಸುಲಭ ಅನಿಸುತ್ತದೆ. ಆದರೆ ಕೆಲಸ ಕೆಡುವುದು ಇಲ್ಲೇ. ಎರಡು ಜಾಗದ ತಳ ಒಂದೇ ಥರ ಇರಬೇಕು, ಮೇಲಿನ ನೀರು ಮಾತ್ರ ಬೇರೆಯಾಗಿರಬೇಕು. ಮೊದಲ ವರ್ಷ ನಾನು ಕಾಳಿಯ ಅಳಿವೆ ಕೆಸರನ್ನೂ ಟಾಗೋರ್ ಬೀಚಿನ ಮರಳನ್ನೂ ಹೋಲಿಸಿದೆ. ಪ್ರಾಣಿಗಳು ಬೇರೆ ಬೇರೆ ಸಿಕ್ಕವು, ನಿಜ. ಆದರೆ ಆ ವ್ಯತ್ಯಾಸ ನೀರಿನಿಂದ ಬಂತೋ, ಕೆಸರು-ಮರಳಿನಿಂದ ಬಂತೋ ಹೇಳುವುದು ಹೇಗೆ? ವರ್ಷದ ಕೆಲಸ ದಂಡವಾಯಿತು. ಈಗ ಒಂದು ಜಾಗ ಕೋಡಿಬಾಗದ ಕಡೆ, ನದಿನೀರು ನೇರ ತಾಗುವಲ್ಲಿ. ಇನ್ನೊಂದು ಮಾಜಾಳಿಯ ಕಡೆ, ನದಿಯ ಪ್ರಭಾವ ಕಡಿಮೆ ಇರುವಲ್ಲಿ. ಎರಡೂ ಕಡೆ ಮುಷ್ಟಿಯಲ್ಲಿ ಹಿಡಿದರೆ ಒಂದೇ ಥರ ಜಾರುವ ಸಣ್ಣ ಮರಳು-ಕೆಸರು ಹುಡುಕಿಕೊಂಡೆ.

ಈ ಥರದ ಜೋಡಿ ಅಂಟಾರ್ಕ್ಟಿಕಾದಲ್ಲಿ ಪ್ರಕೃತಿಯೇ ಮಾಡಿಟ್ಟಿದೆ. ಮ್ಯಾಕ್‌ಮರ್ಡೊ ಸೌಂಡ್ ಅನ್ನುವ ಕೊಲ್ಲಿ. ಎರಡೂ ದಡದಲ್ಲಿ ಅದೇ ಚಳಿ, ಅದೇ ಉಪ್ಪು, ವರ್ಷದ ಬಹುಕಾಲ ಮೇಲೆ ಮಂಜುಗಡ್ಡೆ. ಆದರೂ ಪೂರ್ವದ ದಡದ ತಳದಲ್ಲಿ ಒಂದೇ ಕಡೆ ಕೂತು ನೀರು ಸೋಸಿ ತಿನ್ನುವ ಸ್ಪಂಜು ಪ್ರಾಣಿಗಳ ಕಾಡು. ಕೆಸರಿನೊಳಗೆ ಹುಳು-ಹುಪ್ಪಟೆ, ಚಿಪ್ಪು ಎಲ್ಲ ಸೇರಿ ಒಂದು ಚದರ ಮೀಟರಿಗೆ ಲಕ್ಷದ ಲೆಕ್ಕ. ಪಶ್ಚಿಮದ ದಡದಲ್ಲಿ ಕೆಲವೇ ಸಾವಿರ. ಅದು ಕಡಲ ಆಳದ ಬಡ ತಳದ ಹಾಗಿದೆ. 1970ರ ದಶಕದಲ್ಲಿ ಮುಳುಗುಗಾರ ವಿಜ್ಞಾನಿಗಳು ಇದನ್ನು ಎಣಿಸಿ ತೋರಿಸಿದರು. ಕಾರಣ ಇರುವುದು ನೀರು ಬರುವ ದಾರಿಯಲ್ಲಿ. ಪೂರ್ವಕ್ಕೆ ಬರುವುದು ಬೇಸಿಗೆಯಲ್ಲಿ ಬಿಸಿಲು ಕಂಡ, ಪಾಚಿ ತುಂಬಿದ ರಾಸ್ ಸಮುದ್ರದ ನೀರು. ಪಶ್ಚಿಮಕ್ಕೆ ಬರುವ ನೀರು ದೊಡ್ಡ ಹಿಮಚಾಚಿನ (ನೆಲದಿಂದ ಕಡಲ ಮೇಲೆ ಚಾಚಿ ತೇಲುವ ಹಿಮದ ಹಾಸು) ಅಡಿಯಲ್ಲಿ ಕತ್ತಲಲ್ಲೇ ತೆವಳಿ ಬಂದದ್ದು. ಅದರಲ್ಲಿ ತಿನ್ನಲು ಏನಿರುತ್ತದೆ? ಒಂದೇ ಕೇರಿಯ ಎರಡು ಮನೆ, ಒಂದಕ್ಕೆ ಮಾತ್ರ ರೇಷನ್ ಬರುತ್ತದೆ ಅಂದ ಹಾಗಾಯ್ತು.

ಜಾಗ ಆರಿಸುವಾಗ ಇನ್ನೊಂದು ಮಾತು. ನೌಕಾನೆಲೆಯ ಬೇಲಿಯ ಹತ್ತಿರ ಹಗ್ಗ, ಪೈಪು ಹಿಡಿದು ಸುಳಿದಾಡಬೇಡಿ. ವಿಜ್ಞಾನ ಅಂತ ಹೇಳಿ ಬಿಡಿಸಿಕೊಂಡು ಬರುವುದರೊಳಗೆ ಭರತಿ ಬಂದುಬಿಡುತ್ತದೆ.

ತಟ್ಟೆ ಇಳಿಸಿ

ಅಮಾವಾಸ್ಯೆ, ಹುಣ್ಣಿಮೆಗೆ ಇಳಿತ ದೊಡ್ಡದು. ಆ ದಿನಗಳನ್ನೇ ಗುರುತು ಹಾಕಿಕೊಳ್ಳಿ, ಪಂಚಾಂಗ ಸಾಕು. ಆದರೆ ತಟ್ಟೆ ಇಳಿಸಲು ನೀರು ಬೇಕು. ಹಾಗಾಗಿ ಇಳಿತಕ್ಕೆ ಮೊದಲೇ ಹೋಗಿ, ಜೆಟ್ಟಿಯಿಂದಲೋ ಪಾತಿದೋಣಿಯಿಂದಲೋ ಬಿಡಿ. ಬಿಸಿಲು ಬೆನ್ನಿಗೆ ಇರಲಿ. ತಟ್ಟೆ ಕಾಣದಾದ ಗಂಟು ಯಾವುದು, ಎಳೆಯುವಾಗ ಮತ್ತೆ ಕಂಡ ಗಂಟು ಯಾವುದು, ಎರಡನ್ನೂ ಬರೆದು ಸರಾಸರಿ ತೆಗೆಯಿರಿ. 1865ರಲ್ಲಿ ಸೆಕ್ಕಿ ಅನ್ನುವ ಇಟಲಿಯ ಪಾದ್ರಿ ಮಾಡಿದ ಉಪಾಯ ಇದು. ಇವತ್ತಿಗೂ ಕಡಲ ವಿಜ್ಞಾನಿಗಳು ಬಿಟ್ಟಿಲ್ಲ. ಪಾಚಿಗೆ ಸಾಕಾಗುವಷ್ಟು ಬೆಳಕು ಸಾಮಾನ್ಯವಾಗಿ ತಟ್ಟೆ ಮಾಯವಾದ ಆಳದ ಎರಡು-ಮೂರು ಪಟ್ಟು ಕೆಳಗಿನವರೆಗೆ ಹೋಗುತ್ತದೆ.

ಮಳೆಗಾಲ ಮುಗಿಯುತ್ತಾ ಬಂದಾಗ ಅಳಿವೆಯಲ್ಲಿ ನನ್ನ ತಟ್ಟೆ ಎರಡನೇ ಗಂಟಿಗೇ ಮಾಯವಾಗಿತ್ತು. ಘಟ್ಟದ ಕೆಮ್ಮಣ್ಣು ಹಾಗೇ ಇಳಿದು ಬಂದಿತ್ತು. ಇದನ್ನು ನೋಡುವಾಗ ನನಗೆ ನೆನಪಾಗುವುದು ಕಾಂಗ್ಸ್‌ಫ್ಯೋರ್ಡ್. ಉತ್ತರ ಧ್ರುವದ ಹತ್ತಿರ ನಾರ್ವೆಯ ಸ್ವಾಲ್‌ಬಾರ್ಡ್ ದ್ವೀಪಗಳಿವೆ. ಅಲ್ಲಿನ ನೀ-ಓಲೆಸುಂಡ್‌ನಲ್ಲಿ ಭಾರತದ ಹಿಮಾದ್ರಿ ನಿಲ್ದಾಣ 2008ರಿಂದ ನಡೆಯುತ್ತಿದೆ. ಅದರ ಎದುರಿಗಿರುವ ಕೊಲ್ಲಿಯೇ ಇದು. 2014ರಲ್ಲಿ ನಮ್ಮವರು ಇಂಡ್‌ಆರ್ಕ್ ಅನ್ನುವ ಉಪಕರಣಗಳ ಸಾಲನ್ನು ಈ ಕೊಲ್ಲಿಯ ನೀರೊಳಗೆ ನಿಲ್ಲಿಸಿದರು. ಕೊಲ್ಲಿಯ ಒಳತುದಿಯಲ್ಲಿ ಹಿಮನದಿಗಳು ಕರಗಿ ಕೆಂಪು-ಕಂದು ಹೂಳು ಸುರಿಯುತ್ತವೆ. ಬೇಸಿಗೆಯಲ್ಲಿ ಅಲ್ಲಿ ನಿಂತರೆ ಜುಲೈನ ಕಾಳಿಯ ಬಣ್ಣವೇ ಕಂಡೀತು. ಬೆಳಕು ಒಳಗೆ ಹೋಗುವುದಿಲ್ಲ, ಹೂಳು ದಿನಾ ಬಿದ್ದು ತಳವನ್ನು ಹೂಳುತ್ತಲೇ ಇರುತ್ತದೆ. ಅಲ್ಲಿ ಉಳಿಯುವುದು ಕೆಸರೊಳಗೆ ಓಡಾಡಬಲ್ಲ ಚಿಕ್ಕ ಹುಳು, ಚಿಕ್ಕ ಚಿಪ್ಪು. ನೀರು ಸೋಸಿ ತಿನ್ನುವ, ಒಂದೇ ಕಡೆ ಕೂರುವ ಪ್ರಾಣಿಗೆ ಬಾಯಿ ತುಂಬ ಮಣ್ಣು. ಕೊಲ್ಲಿಯ ಹೊರಬಾಯಿಗೆ ಬಂದ ಹಾಗೆ ನೀರು ತಿಳಿಯಾಗುತ್ತದೆ, ತಳದಲ್ಲಿ ಬಗೆಬಗೆಯ ಜೀವ ಸೇರುತ್ತದೆ.

ಗ್ಲಾಸಿನಲ್ಲಿ ಪದರ ಕಟ್ಟಿ

ಇದು ಮನೆಯಲ್ಲೇ ಮಾಡುವ ಕೆಲಸ, ಮಕ್ಕಳಿಗೆ ತುಂಬಾ ಖುಷಿ. ಗ್ಲಾಸಿನ ಅರ್ಧಕ್ಕೆ ಉಪ್ಪುನೀರು ಹಾಕಿ. ಒಣ ಮುರುಗಲು ಸಿಪ್ಪೆ ನೆನೆಸಿದ ಕೆಂಪು ನೀರನ್ನು ಚಮಚದ ಬೆನ್ನ ಮೇಲೆ ನಿಧಾನಕ್ಕೆ ಬಿಡಿ. ಕೆಂಪು ಮೇಲೆ ತೇಲಿ ನಿಲ್ಲುತ್ತದೆ, ಗೆರೆ ಎಳೆದ ಹಾಗೆ. ಬಾಟಲಿಯ ಮುರುಗಲು ಸಿರಪ್ ಹಾಕಬೇಡಿ. ನಾನು ನೆಂಟರ ಮುಂದೆ ಅದನ್ನೇ ಹಾಕಿದೆ. ಸಕ್ಕರೆಯ ಭಾರಕ್ಕೆ ಸೀದಾ ತಳಕ್ಕಿಳಿಯಿತು, ಮರ್ಯಾದೆಯೂ ಅದರ ಜೊತೆಗೆ.

ಈಗ ಗ್ಲಾಸಿನ ಮೇಲೆ ಮೆಲ್ಲಗೆ ಊದಿ. ಮೇಲಿನ ಕೆಂಪು ಅಲುಗಾಡುತ್ತದೆ, ಕೆಳಗಿನ ನೀರು ಕದಲುವುದಿಲ್ಲ. ಇದನ್ನು ಮನಸ್ಸಲ್ಲಿಟ್ಟುಕೊಳ್ಳಿ, ಮುಂದಿನದೆಲ್ಲ ಇದರ ಮೇಲೆ ನಿಂತಿದೆ.

ಧ್ರುವದಲ್ಲಿ ಈ ಮೇಲಿನ ಪದರ ಬರುವುದು ಮಂಜುಗಡ್ಡೆ ಕರಗಿದ ನೀರಿನಿಂದ. ಕಡಲ ನೀರು ಹೆಪ್ಪುಗಟ್ಟುವುದು ಸುಮಾರು ಮೈನಸ್ 1.8 ಡಿಗ್ರಿಗೆ. ಆಗ ಉಪ್ಪಿನ ಬಹುಪಾಲು ಹೊರಗೆ ಜಾರುತ್ತದೆ, ಗಡ್ಡೆ ಹೆಚ್ಚುಕಮ್ಮಿ ಸಿಹಿಯಾಗುತ್ತದೆ. ವಸಂತದಲ್ಲಿ ಕರಗಿದಾಗ ಆ ಹಗುರ ನೀರು ಮೇಲೆ ಹರಡುತ್ತದೆ. ಪಾಚಿಗಳು ಆಳಕ್ಕೆ ಕಲಕಿ ಹೋಗದೆ ಬೆಳಕಿನ ಪದರದಲ್ಲೇ ಉಳಿಯುತ್ತವೆ. ತಿಂಗಳುಗಟ್ಟಲೆ ಕತ್ತಲು ಕಂಡ ನೀರಿನಲ್ಲಿ ಪೋಷಕಾಂಶ ಹಾಗೇ ಕೂಡಿಬಿದ್ದಿರುತ್ತದೆ. ಗಡ್ಡೆಯ ಅಂಚಿನಲ್ಲಿ ಪಾಚಿ ಉಕ್ಕಿ ಬೆಳೆಯುತ್ತದೆ. ಕೆಲವೇ ವಾರಗಳ ಸುಗ್ಗಿ ಅದು, ತಳದವರ ವರ್ಷದ ಊಟ ಅದರ ಮೇಲೇ ನಿಂತಿದೆ.

ನಮ್ಮಲ್ಲೂ ಮೇಲೆ ಸಿಹಿನೀರಿನ ಪದರ ಕಟ್ಟುತ್ತದೆ, ಮಳೆಯಿಂದ. ಆದರೆ ಅದು ತಳಕ್ಕೆ ತಂದಿಡುವ ಪಾಡೇ ಬೇರೆ. ಅಲ್ಲಿನವರಿಗೆ ಹೆಚ್ಚಾಗಿ ಹಸಿವಿನ ಚಿಂತೆ, ಇಲ್ಲಿನವರಿಗೆ ಉಸಿರಿನ ಚಿಂತೆ. ಅದನ್ನು ಕೆಸರಿನ ಹತ್ತಿರ ಹೋದಾಗ ಹೇಳುತ್ತೇನೆ.

ಬೀಳುವುದು ಏನು, ಎಷ್ಟು, ಯಾವಾಗ?

ಒಂದು ಲೀಟರ್ ಬಾಟಲಿಯಲ್ಲಿ ಕಡಲ ನೀರು ತುಂಬಿ ಒಂದು ರಾತ್ರಿ ಅಲುಗಾಡಿಸದೆ ಇಡಿ. ಬೆಳಗ್ಗೆ ತಳದಲ್ಲಿ ಕೂತಿರುವುದನ್ನು ನೋಡಿ. ಕೆಂಪಾಗಿದ್ದರೆ ಮಣ್ಣು ಜಾಸ್ತಿ. ಹಸಿರು-ಕಂದು, ಬೆರಳಿಗೆ ಲೋಳೆ ಅನಿಸಿದರೆ ಪಾಚಿ ಜಾಸ್ತಿ. ಪ್ರತಿ ಸಲ ಒಂದೇ ಅಳತೆಯ ಬಾಟಲಿ ಬಳಸಿ.

ಧ್ರುವದಲ್ಲಿ ಈ ಬೀಳುವಿಕೆಯ ಲೆಕ್ಕವೇ ಊರೂರಿಗೆ ಬೇರೆ. ಏಷ್ಯಾ ಮತ್ತು ಅಮೆರಿಕ ಹತ್ತಿರ ಬರುವಲ್ಲಿ ಇರುವ ಬೇರಿಂಗ್ ಸಮುದ್ರದ ಉತ್ತರ ಭಾಗ, ಅದರಾಚೆಯ ಚುಕ್ಚಿ ಸಮುದ್ರ ತೆಗೆದುಕೊಳ್ಳಿ. ಬಹುಪಾಲು ಕಡೆ ಆಳ 50 ಮೀಟರ್ ಆಸುಪಾಸು. ವಸಂತದಲ್ಲಿ ಗಡ್ಡೆಯಂಚಿನ ಪಾಚಿ ಉಕ್ಕುವಾಗ ನೀರು ಇನ್ನೂ ಕೊರೆಯುತ್ತಿರುತ್ತದೆ. ಪಾಚಿ ಮೇಯುವ ಸಣ್ಣ ಜೀವಿಗಳ ಸಂಖ್ಯೆ ಆಗ ಕಡಿಮೆ, ಹೊಟ್ಟೆಯೂ ನಿಧಾನ. ಮೇಯದೆ ಉಳಿದದ್ದೆಲ್ಲ ತಾಜಾ ತಾಜಾ ತಳಕ್ಕೆ ಬೀಳುತ್ತದೆ. ಅಲ್ಲಿ ಚಿಪ್ಪುಗಳು, ಶೆಟ್ಲಿಯ (ಸೀಗಡಿಯ) ದೂರದ ನೆಂಟನಾದ ಆಂಫಿಪಾಡ್‌ಗಳು ಕಿಕ್ಕಿರಿದಿವೆ. ಆ ಚಿಪ್ಪು ತಿನ್ನಲು ವಾಲ್ರಸ್ ಬರುತ್ತದೆ, ಕೆಸರು ಹೀರಿ ಆಂಫಿಪಾಡ್ ತಿನ್ನಲು ಬೂದು ತಿಮಿಂಗಿಲ ಬರುತ್ತದೆ, ಚಳಿಗಾಲದಲ್ಲಿ ಗಡ್ಡೆಗಳ ಸಂದಿನಿಂದ ಮುಳುಗಿ ಒಂದು ಜಾತಿಯ ಬಾತು ಕೂಡ ಬರುತ್ತದೆ. ಗಡ್ಡೆ ಬೇಗ ಸರಿದರೆ ಏನಾಗುತ್ತದೆ? ಪಾಚಿ ತಡವಾಗಿ, ಬೆಚ್ಚಗಿನ ನೀರಲ್ಲಿ ಬೆಳೆಯುತ್ತದೆ, ಮೇಯುವವರು ಅಷ್ಟರಲ್ಲಿ ತಯಾರಾಗಿರುತ್ತಾರೆ, ತಳಕ್ಕೆ ಸಿಗುವ ಪಾಲು ಕಡಿಮೆಯಾಗುತ್ತದೆ ಅನ್ನುವುದು ವಿಜ್ಞಾನಿಗಳ ಆತಂಕ. 2018ರ ಚಳಿಗಾಲದಲ್ಲಿ ಬೇರಿಂಗ್ ಸಮುದ್ರದ ಗಡ್ಡೆ ದಾಖಲೆ ಮಟ್ಟಕ್ಕೆ ಕುಸಿದ ಮೇಲೆ ಈ ಮಾತು ಇನ್ನೂ ಜೋರಾಯಿತು.

ಆಳ ಹೆಚ್ಚಿದ್ದರೂ ಬೇಗ ಬಿದ್ದರೆ ಊಟ ಸಿಗುತ್ತದೆ. ಮೆಲೋಸಿರಾ ಅನ್ನುವ ಪಾಚಿ ಆರ್ಕ್ಟಿಕ್ ಗಡ್ಡೆಯ ಅಡಿಯಿಂದ ಜಡೆ ಇಳಿಬಿಟ್ಟ ಹಾಗೆ ಮೀಟರುಗಟ್ಟಲೆ ನೇತಾಡುತ್ತದೆ. 2012ರ ಬೇಸಿಗೆಯಲ್ಲಿ ಗಡ್ಡೆ ತೆಳುವಾಗಿ ಕರಗಿದಾಗ ಆ ಜಡೆಗಳು ಕಳಚಿ ಬಿದ್ದವು. ಜರ್ಮನಿಯ ಪೋಲಾರ್‌ಸ್ಟೆರ್ನ್ ಹಡಗಿನವರು 4,000 ಮೀಟರಿಗೂ ಆಳದ ತಳಕ್ಕೆ ಕ್ಯಾಮೆರಾ ಇಳಿಸಿದರೆ ಅಲ್ಲಿ ಪಾಚಿಯ ಗುಪ್ಪೆಗಳು, ಸುತ್ತ ಸಮುದ್ರ ಸೌತೆ ಅನ್ನುವ ಪ್ರಾಣಿಗಳು! ಎಲ್ಲರೂ ಬಡ ತಳ ಅಂದುಕೊಂಡಿದ್ದ ಜಾಗದಲ್ಲಿ ಮದುವೆಯೂಟ.

ಅಂಟಾರ್ಕ್ಟಿಕಾದ ತೀರದ ತಳವೇ ಆಳ. ಹಿಮದ ಭಾರಕ್ಕೆ ನೆಲ ಕುಗ್ಗಿರುವುದೂ ಅದಕ್ಕೊಂದು ಕಾರಣ. 400-500 ಮೀಟರ್ ಸಾಮಾನ್ಯ. ಅಲ್ಲಿ ಶೆಟ್ಲಿಯಂಥ ಸಣ್ಣ ಜೀವಿ ಕ್ರಿಲ್‌ನ ಹಿಕ್ಕೆ ಗುಂಡಿನ ಹಾಗೆ ಬೇಗ ಇಳಿದು ಊಟ ಮುಟ್ಟಿಸುತ್ತದೆ. ಬಿದ್ದದ್ದು ಬೇಗ ಕೊಳೆಯುವುದೂ ಇಲ್ಲ. ಅಂಟಾರ್ಕ್ಟಿಕ್ ಪರ್ಯಾಯದ್ವೀಪದ ಪಕ್ಕ 1999ರಿಂದ 2001ರವರೆಗೆ ನೋಡಿದಾಗ, ಬೇಸಿಗೆಯ ಪಾಚಿ ಚಳಿಗಾಲಕ್ಕೂ ತಳದಲ್ಲಿ ಉಳಿದಿತ್ತು. ನಾವು ಮಳೆಗಾಲಕ್ಕೆ ಒಣಮೀನು, ಹಪ್ಪಳ ಕಟ್ಟಿಡುವುದಿಲ್ಲವಾ, ಹಾಗೆ. ಅದಕ್ಕೇ ಮೇಲೆ ಕತ್ತಲಾದರೂ ಕೆಳಗಿನ ಹುಳು, ಸಮುದ್ರ ಸೌತೆಗಳು ವರ್ಷವಿಡೀ ಮೆಲ್ಲುತ್ತಲೇ ಇರುತ್ತವೆ.

ಮೊಬೈಲಿದ್ದರೆ ನಾಸಾದ ವರ್ಲ್ಡ್‌ವ್ಯೂ ನಕ್ಷೆ ತೆರೆಯಿರಿ, ದುಡ್ಡು ಕೊಡಬೇಕಿಲ್ಲ. ಅದರಲ್ಲಿ ಗಡ್ಡೆಯ ಪದರ, ಕ್ಲೋರೋಫಿಲ್ (ಪಾಚಿಯ ಹಸಿರು) ಪದರ ಹಾಕಿ, ಏಪ್ರಿಲ್‌ನಿಂದ ಜುಲೈವರೆಗೆ ಬೇರಿಂಗ್ ಜಲಸಂಧಿಯ ಚಿತ್ರಗಳನ್ನು ಒಂದೊಂದಾಗಿ ಸರಿಸಿ ನೋಡಿ. ಬಿಳಿ ಸರಿದಂತೆ ಹಿಂದಿನಿಂದ ಹಸಿರು ಬರುವುದು ಕಾಣುತ್ತದೆ. ಆಮೇಲೆ ಕಾರವಾರಕ್ಕೆ ಬನ್ನಿ. ಜೂನ್-ಜುಲೈನಲ್ಲಿ ಬರೀ ಮೋಡ ಕಾಣುತ್ತದೆ, ಬೇಜಾರಾಗಬೇಡಿ. ನಮ್ಮ ದೋಣಿಯವರಿಗೆ ಹೈದರಾಬಾದಿನ ಸಾಗರ ಮಾಹಿತಿ ಸಂಸ್ಥೆ ಇಂಕಾಯ್ಸ್‌ನಿಂದ ಬರುವ ಮೀನು ಸಿಗುವ ಜಾಗದ ಸೂಚನೆಯೂ ಇಂಥ ಉಪಗ್ರಹದ ಬಣ್ಣ, ಬಿಸಿಯ ಲೆಕ್ಕದಿಂದಲೇ ತಯಾರಾಗುವುದು.

ಕೆಸರಿಗೆ ಪೈಪು ಒತ್ತಿ

ನೀರು ಪೂರ್ತಿ ಇಳಿದಾಗ ಪೈಪನ್ನು ಕೆಸರಿಗೆ ನೆಟ್ಟಗೆ ಒತ್ತಿ, ಮೇಲಿನ ಬಾಯಿಗೆ ಅಂಗೈ ಮುಚ್ಚಿ ಎಳೆಯಿರಿ. ಪಕ್ಕದಿಂದ ನೋಡಿ. ಮೇಲೆ ಕಂದು ಪದರ, ಕೆಳಗೆ ಬೂದು, ಆಮೇಲೆ ಕಪ್ಪು. ಕಪ್ಪಿಗೆ ಮೂಗು ಹಿಡಿದರೆ ಕೊಳೆತ ಮೊಟ್ಟೆಯ ವಾಸನೆ. ಕಂದು ಇರುವಲ್ಲಿ ಆಮ್ಲಜನಕ ಇದೆ, ಕಪ್ಪಲ್ಲಿ ಇಲ್ಲ. ಕಂದಿನಿಂದ ಕಪ್ಪಿನೊಳಗೆ ಇಳಿದ ಸಣ್ಣ ಕಂದು ಗೀಟುಗಳಿದ್ದರೆ ಅವು ಹುಳುಗಳ ಬಿಲ. ಮೇಲಿನ ನೀರನ್ನು ಕೆಳಗೆ ಎಳೆದುಕೊಂಡು ಉಸಿರಾಡುತ್ತವೆ. ನನಗಂತೂ ಇಡೀ ಕೆಲಸದಲ್ಲಿ ಇದೇ ಅತೀ ಇಷ್ಟದ ನೋಟ. ಕಂದು ಪದರದ ದಪ್ಪವನ್ನು ಮಿಲಿಮೀಟರಲ್ಲಿ ಬರೆಯಿರಿ.

ಈಗ ಉಸಿರಿನ ವಿಷಯ. ಮುಂಗಾರಿನಲ್ಲಿ ಗೋವಾ-ಕಾರವಾರದ ಆಚೆ ಕಡಲ ಆಳದಿಂದ ತಣ್ಣಗಿನ ನೀರು ಮೇಲೇರಿ ತೀರದ ಕಡೆ ಬರುತ್ತದೆ. ಅದರಲ್ಲಿ ಪೋಷಕಾಂಶ ಜಾಸ್ತಿ, ಆಮ್ಲಜನಕ ಕಡಿಮೆ. ಅದರ ಮೇಲೆ ಮಳೆ ಮತ್ತು ಹೊಳೆಗಳ ಸಿಹಿನೀರು ಮುಚ್ಚಳದ ಹಾಗೆ ಕೂರುತ್ತದೆ, ನಿಮ್ಮ ಗ್ಲಾಸಿನ ಮುರುಗಲು ನೀರಿನ ಥರ. ಪಾಚಿ ಉಕ್ಕುತ್ತದೆ, ಬೀಳುತ್ತದೆ, ಬೆಚ್ಚಗಿನ ತಳದಲ್ಲಿ ಬೇಗ ಕೊಳೆಯುತ್ತದೆ. ಇದ್ದ ಆಮ್ಲಜನಕವೂ ಖರ್ಚಾಗುತ್ತದೆ, ಮೇಲಿಂದ ಹೊಸದು ಇಳಿಯಲು ಮುಚ್ಚಳ ಬಿಡುವುದಿಲ್ಲ. ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ತೀರದಾಚೆಯ ತಳದ ನೀರು ಉಸಿರುಗಟ್ಟುವ ಸ್ಥಿತಿಗೆ ಬರುತ್ತದೆ. ಕೆಲವು ವರ್ಷ ಕೊಳೆತ ಮೊಟ್ಟೆಯ ಗಾಳಿಯೂ ಆ ನೀರಲ್ಲಿ ಸಿಕ್ಕಿದೆ. ಓಡಬಲ್ಲ ಮೀನು ಸರಿದು ಹೋಗುತ್ತದೆ. ಓಡಲಾಗದ್ದು ಸಾಯುತ್ತದೆ, ಕಡಿಮೆ ಉಸಿರಲ್ಲೂ ಬಾಳುವ ಕೆಲವು ಜಾತಿ ಹುಳುಗಳು ಮಾತ್ರ ಉಳಿಯುತ್ತವೆ. ನಾವು ದಡದಲ್ಲಿ ಪೈಪಿನೊಳಗೆ ನೋಡುವ ಕಪ್ಪು ಇದೇ ಅಲ್ಲ, ನೆನಪಿರಲಿ. ಅಲೆಗೆ ಗಾಳಿ ಸಿಗುವ ಜಾಗ ಇದು. ಆದರೆ ಆಳದಲ್ಲಿ ನಡೆಯುವುದರ ಸಣ್ಣ ನಮೂನೆ ಅಂತ ಇಟ್ಟುಕೊಳ್ಳಬಹುದು.

ಪೈಪು ನೋಡಿ ಮುಗಿದ ಮೇಲೆ, ಪಕ್ಕದಲ್ಲೇ ಒಂದು ಚೆಂಬು ಕೆಸರು ತೆಗೆದು ಜರಡಿಗೆ ಹಾಕಿ, ಬಕೆಟಿನ ಕಡಲ ನೀರಲ್ಲೇ ಜಾಲಿಸಿ. ನಲ್ಲಿ ನೀರು ಬೇಡ, ಹುಳುಗಳು ಉಬ್ಬಿ ಸಾಯುತ್ತವೆ. ಉಳಿದದ್ದನ್ನು ಜಾತಿ ಹೆಸರು ಗೊತ್ತಿಲ್ಲದಿದ್ದರೂ ಎರಡು ಗುಂಪು ಮಾಡಿ: ನೀರು ಸೋಸಿ ತಿನ್ನುವವರು (ಬಳಚು, ಕೊಳವೆಯಿಂದ ಗರಿ ಚಾಚುವ ಹುಳು), ಕೆಸರು ತಿನ್ನುವವರು (ಬಿಲದ ಹುಳು). ಎಣಿಸಿ, ಬರೆದು, ಅಲ್ಲೇ ವಾಪಸ್ ಬಿಡಿ. ಮೇಲೆ ಪಾಚಿ, ಹರಿವು ಚೆನ್ನಾಗಿದ್ದರೆ ಮೊದಲ ಗುಂಪು ಏರುತ್ತದೆ. ಹೂಳು, ಕೊಳೆ ಹೆಚ್ಚಿದರೆ ಎರಡನೆಯದು.

ನೀರಿಗಿಳಿಯುವಾಗ ಕಾಲೆತ್ತಿ ಇಡಬೇಡಿ, ಎಳೆದುಕೊಂಡು ನಡೆಯಿರಿ. ತೊರಕೆ ಮೀನು ಮಲಗಿದ್ದರೆ ಸರಿದು ಹೋಗುತ್ತದೆ. ಅದರ ಮುಳ್ಳು ತಾಗಿದರೆ ವಾರ ನರಳಬೇಕು.

ನೀರಿನ ಮೇಲೆ ಹೊರಿಸುವ ಮೊದಲು

ಎಲ್ಲದಕ್ಕೂ ಮೇಲಿನ ನೀರೇ ಕಾರಣ ಅನ್ನಬೇಡಿ. ಟ್ರಾಲ್ ಬಲೆ ಗೀಚಿದ ತಳದಲ್ಲೂ ಚಿಪ್ಪು ಕಡಿಮೆ ಇರುತ್ತದೆ. ಅಂಟಾರ್ಕ್ಟಿಕಾದಲ್ಲಿ ಆ ಕೆಲಸ ಮಾಡುವುದು ತೇಲಿಬರುವ ಹಿಮಗುಡ್ಡಗಳು. ಅವುಗಳ ಬುಡ ತಳವನ್ನು ನೇಗಿಲಿನ ಹಾಗೆ ಉಳುತ್ತದೆ. ಇನ್ನೊಂದು, ಕಾಲ. 1995ರಲ್ಲಿ ಲಾರ್ಸನ್ ಎ ಹಿಮಚಾಚು ಒಡೆಯಿತು. 2002ರಲ್ಲಿ ಪಕ್ಕದ ಲಾರ್ಸನ್ ಬಿ, ಸುಮಾರು 3,250 ಚದರ ಕಿ.ಮೀ., ಅಂದರೆ ನಮ್ಮ ಉತ್ತರ ಕನ್ನಡ ಜಿಲ್ಲೆಯ ಹತ್ತಿರ ಹತ್ತಿರ ಮೂರನೇ ಒಂದು ಭಾಗ, ವಾರಗಳಲ್ಲಿ ಚೂರಾಯಿತು. ಕತ್ತಲಲ್ಲಿದ್ದ ತಳದ ಮೇಲೆ ಬಿಸಿಲು ಬಿತ್ತು, ಪಾಚಿ ಬೆಳೆಯಿತು. ಗಾಜಿನ ಸ್ಪಂಜುಗಳು ಬೆಳೆಯಲು ಬಹಳ ವರ್ಷ ಬೇಕು ಅಂತ ಎಲ್ಲರೂ ನಂಬಿದ್ದರು. ಲಾರ್ಸನ್ ಎ ಇದ್ದ ಜಾಗದಲ್ಲಿ 2007ಕ್ಕೂ 2011ಕ್ಕೂ ನಡುವೆ ಅವುಗಳ ಸಂಖ್ಯೆ ಮೂರು ಪಟ್ಟಾಗಿತ್ತು. ಹಾಗೆಂದು ಒಡೆದ ಮರುವರ್ಷವೇ ಹೋಗಿದ್ದರೆ ಏನೂ ಕಾಣುತ್ತಿರಲಿಲ್ಲ. ನೀವೂ ಒಂದೇ ಸಲದ ಲೆಕ್ಕ ಹಿಡಿದು ಯಾರ ಜೊತೆಗೂ ವಾದಕ್ಕೆ ನಿಲ್ಲಬೇಡಿ.

ಯಾವ ತಿಂಗಳು ಹೋಗಬೇಕು

ಫೆಬ್ರವರಿ, ಏಪ್ರಿಲ್, ಮೇ ಕೊನೆ, ಸೆಪ್ಟೆಂಬರ್, ಅಕ್ಟೋಬರ್, ನವೆಂಬರ್. ಜೂನ್-ಜುಲೈ ಬೇಡವೇ ಬೇಡ. ಆ ಎರಡು ತಿಂಗಳು ಯಾಂತ್ರಿಕ ದೋಣಿಗಳೇ ದಡದಲ್ಲಿರುತ್ತವೆ. ಆಗ ಮನೆಯ ಕಿಟಕಿಯಿಂದ ಮಳೆ ಬಂದ ದಿನಗಳನ್ನಷ್ಟೇ ಗುರುತು ಹಾಕಿ, ಆಮೇಲೆ ಬೇಕಾಗುತ್ತದೆ. ಕಾರವಾರ ದೂರ ಅನ್ನುವ ಕುಮಟಾದವರಿಗೆ ಅಘನಾಶಿನಿ ಇದೆ. 2024ರಲ್ಲಿ ಮಹತ್ವದ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿ ಸೇರಿದ ಅಳಿವೆ, ಬಳಚಿನ ಕಣಜ. ಶಿರಸಿಯವರು ಘಟ್ಟ ಇಳಿದು ಅಲ್ಲಿಗೇ ಬರುವುದು ಹತ್ತಿರ.

ಅಕ್ಟೋಬರ್ ಕಳೆದ ಮೇಲೆ ಕಡಲ ಹರಿವು ತಿರುಗುತ್ತದೆ, ಮುಚ್ಚಳ ಸರಿಯುತ್ತದೆ, ತಳಕ್ಕೆ ಮತ್ತೆ ಉಸಿರು ಬರುತ್ತದೆ. ನವೆಂಬರಿನ ಅಮಾವಾಸ್ಯೆಯಂದು ಪೈಪು ಒತ್ತುವಾಗ ಕಂದು ಪದರವನ್ನು ಎರಡು ಸಲ ಅಳೆಯಿರಿ. ಅಳತೆಪಟ್ಟಿ ಪ್ಲಾಸ್ಟಿಕ್‌ದು ಇರಲಿ. ಕಬ್ಬಿಣದ್ದು ನಮ್ಮ ಉಪ್ಪುಗಾಳಿಗೆ ಒಂದೇ ತಿಂಗಳಲ್ಲಿ ತುಕ್ಕು ಹಿಡಿದು ಮಿಲಿಮೀಟರಿನ ಗೆರೆಗಳೇ ಕಾಣದ ಹಾಗಾಗುತ್ತವೆ.